ತೊಟ್ಟಿಲೆಂದು ಕರೆದ ವಿಮಾನ

ಹಾರುವುದನ್ನು ಇನ್ನೂ ಕಲಿಯುತ್ತಿದ್ದಾಗಲೇ ನಾನು ಹೊಚ್ಚ ಹೊಸ ವಿಮಾನ ಕೊಂಡೆ. ಈಗ ನೆನೆಸಿಕೊಂಡರೂ ಮೈ ದಣಿಯುತ್ತದೆ. ಮುಂಬಯಿಯಲ್ಲಿ ಕಲಿಸುತ್ತಿದ್ದ ಗುರುಗಳು, ಹಳೆಯದೊಂದು ತೆಗೆದುಕೊ, ಸಾಕು ಎಂದಿದ್ದರು. ನಾನು ಹತ್ತಿ ವ್ಯಾಪಾರದ ಮನೆಯ ಕಿರಿಮಗ. ಹಳೆಯದಕ್ಕೆ ಕೈ ಹಚ್ಚುವ ಪೈಕಿ ಅಲ್ಲ. ಅಪ್ಪ ನನ್ನ ಪಾಲಿಗೆ ಬಿಟ್ಟುಹೋದದ್ದರಲ್ಲಿ ಹುಬ್ಬಳ್ಳಿಯಲ್ಲಿ ಎರಡು ಮನೆ ಕಟ್ಟಿಸಬಹುದಿತ್ತು. ನಾನು ಎರಡು ಸೀಟಿನ, ಬಟ್ಟೆ ರೆಕ್ಕೆಯ ಯಂತ್ರ ತರಿಸಿದೆ.

"ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾಯಿ ಹೊಲಿಸಿದಿ ನೋಡು" ಎಂದ ಅಣ್ಣ. ಸಿಟ್ಟು ಬಂತು. ಮಾತು ಖರೇ ಇತ್ತು, ಅದಕ್ಕೇ ಬಂತು.

ಅವ್ವನ ತಕರಾರು ಬೇರೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೊತ್ತೊಯ್ಯಲು ಬಿದಿರು, ಬಾಳೆಕಂಬ, ಹೂವಿನಿಂದ ಕಟ್ಟುವುದಕ್ಕೂ ವಿಮಾನ ಎಂದೇ ಹೆಸರು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ನಾನು ಹಿಗ್ಗಿನಲ್ಲಿ, "ಅವ್ವಾ, ವಿಮಾನ ತಂದೇನಿ, ನಿನ್ನ ಕೂಡಿಸಿಕೊಂಡು ಹೋಗ್ತೇನಿ" ಎಂದುಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅದರಾಗ ಒಮ್ಮೆ ಕುಂತರ ಇಳಿಯೂದಿಲ್ಲಪಾ. ಯಾಕ ಇಷ್ಟು ಅವಸರ ನಿನಗ?"

ಮೂರನೆಯ ದಿನ ತಾನೇ ದಾರಿ ತೋರಿದಳು: "ಬ್ಯಾರೆ ಹೆಸರಿಡು. ತೊಟ್ಟಲ ಅನ್ನು. ತೊಟ್ಟಲದಾಗಾದ್ರ ಕೂಡ್ತೇನಿ." ಅಂದಿನಿಂದ ಮನೆಯಲ್ಲಿ ಅದು ತೊಟ್ಟಿಲು.

ಆದರೆ ಕಲಿಯುವವನು ಬೇರೊಬ್ಬರನ್ನು ಕೂರಿಸಿಕೊಂಡು ಹಾರುವಂತಿರಲಿಲ್ಲ. ಪರವಾನಗಿ ಬೇಕು, ಅದಕ್ಕೆ ಒಬ್ಬನೇ ಹಾರಿದ ತಾಸುಗಳು ತುಂಬಬೇಕು. ಹಾರಲು, ಇಳಿಯಲು ಇದ್ದದ್ದು ಗೋಕುಲದ ಹಾದಿಯಲ್ಲಿದ್ದ ನಮ್ಮ ಹೊಲ, ಅದೂ ಕಪ್ಪು ಎರೆಭೂಮಿ. ಒಂದು ಮಳೆಯಾದರೆ ಗಾಲಿ ಹೂತು, ಎತ್ತು ಕಟ್ಟಿ ಎಳೆಯಬೇಕು. ಒಣಗಿದರೆ ಬಿರುಕು, ಅದನ್ನು ತುಂಬಬೇಕು. ರೆಕ್ಕೆಯ ಬಟ್ಟೆಯನ್ನು ಇಲಿ ಕಡಿದರೆ ತೇಪೆಗೆ ಮುಂಬಯಿಯಿಂದ ಸಾಮಾನು ಬರಬೇಕು. ಹಾರಿದ್ದಕ್ಕಿಂತ ಒರೆಸಿದ್ದೇ ಹೆಚ್ಚು.

"ತೊಟ್ಟಲ ಯಾವಾಗ ತೂಗ್ತಿ?" ಎಂದು ಅವ್ವ ದಿನಾಲೂ ಕೇಳುವಳು.

"ಪರವಾನಗಿ ಬರ್ಲಿ ಅವ್ವಾ."

ಆ ಉತ್ತರ ಹೇಳಿ ಹೇಳಿ ಬೇಸತ್ತು, ಅವಳು ಕೇಳುವ ಮೊದಲೇ ಮನೆಯಿಂದ ಹೊರಬೀಳತೊಡಗಿದೆ. "ಹೊಲದಾಗ ಯಾರು ನೋಡ್ತಾರ? ಮುದುಕಿಗೆ ಒಂದು ಸುತ್ತು ಹಾಕಿಸು" ಎಂದು ಅಣ್ಣನೂ ಹೇಳಿದ. ಕಾಯ್ದೆ ಒಪ್ಪುವುದಿಲ್ಲ ಎಂದೆ. ನಿಜವೆಂದರೆ ನನ್ನ ಕೈಯ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಅಷ್ಟರಲ್ಲಿ ಮಹಾಯುದ್ಧ ಬಂತು. ಸರಕಾರ ಯಂತ್ರವನ್ನು ವಶಕ್ಕೆ ತೆಗೆದುಕೊಂಡಿತು. ರೆಕ್ಕೆ ಬಿಚ್ಚಿ ರೈಲಿಗೇರಿಸಿದ ದಿನ ದುಃಖವಾಗಲಿಲ್ಲ, ಎದೆ ಹಗುರಾಯಿತು. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅವ್ವ ಆಮೇಲೆ ಏನೂ ಕೇಳಲಿಲ್ಲ.

ಮರುವರ್ಷ ತೀರಿಕೊಂಡಳು. ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದ ಓಣಿಯ ಹಿರಿಯರೊಬ್ಬರು ಕೂಗಿದರು, "ವಿಮಾನ ತಯಾರಾತ್ರಿ. ಹೊರಾವ್ರು ಬರ್ರಿ."

ಮುಂದಿನ ಬದಿಗೆ ನಾನು ಹೆಗಲು ಕೊಟ್ಟೆ. ಒಳಗೆ ಅವ್ವ ಕೂತಿದ್ದಳು. ಪರವಾನಗಿ ಯಾರೂ ಕೇಳಲಿಲ್ಲ.