ಚಿಕ್ಕಬೈರಪ್ಪನವರೂ ಚೇಳು ಮೀನೂ

ಶ್ರೀ ಚಿಕ್ಕಬೈರಪ್ಪನವರಿಗೆ ಪ್ರಯೋಗಾಲಯ ಇರಲಿಲ್ಲ. ಹೆಸರಘಟ್ಟದ ಕೆರೆಯ ಕೆಳಗಿನ ಸಿಮೆಂಟ್ ತೊಟ್ಟಿಗಳು, ತಗಡಿನ ಸೂರು, ಕುದಿಸಿ ಕುದಿಸಿ ಮಬ್ಬಾದ ಒಂದು ಸಿರಿಂಜು, ಇಷ್ಟನ್ನೇ ಇಟ್ಟುಕೊಂಡು ಅವರು ಚೇಳು ಮೀನಿನ ಮರಿ ಮಾಡಿಸಿದರು. ಗೆಂಡೆ ಮೀನನ್ನು ಬಲ್ಲ ಅಧಿಕಾರಿಗಳು ಮೀನುಗಾರಿಕೆ ಇಲಾಖೆಯಲ್ಲಿ ಹಲವರಿದ್ದರು; ಮೀಸೆಯ ಈ ಚೇಳು ಮೀನನ್ನು ನೆಚ್ಚಿ ಕುಳಿತವರು ಇವರೊಬ್ಬರೇ.

ಮಳೆಗೆ ಕೆರೆ ಏರಿದಾಗ ಮೊಟ್ಟೆಯಿಡುವ ಈ ಮೀನು ತೊಟ್ಟಿಯಲ್ಲಿ ಇಡುವುದಿಲ್ಲ. ಬೇರೆ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಉಪ್ಪುನೀರಿನಲ್ಲಿ ಕದಡಿ ಹೆಣ್ಣಿಗೆ ಚುಚ್ಚಿದರೆ, ಮರುದಿನ ಹೊಟ್ಟೆ ನೀವಿ ಮೊಟ್ಟೆ ತೆಗೆಯಬಹುದು. ಗಂಡಿನದು ಹಾಗಲ್ಲ. ಅದನ್ನು ಕೊಯ್ದು, ವೃಷಣ ತೆಗೆದು ಅರೆದು, ಆ ರಸವನ್ನು ಮೊಟ್ಟೆಯ ಮೇಲೆ ಸುರಿಯಬೇಕು.

ಗ್ರಂಥಿಗಾಗಿ ಅವರು ಭಾನುವಾರಗಳಲ್ಲಿ ಯಶವಂತಪುರದ ಮೊಯಿನುದ್ದೀನ್ ಸಾಹೇಬರ ಮೀನಂಗಡಿಯಲ್ಲಿ ಕುಳಿತು, ಮೀನಿನ ತಲೆಗಳನ್ನು ಬಿಚ್ಚಿ, ಮತ್ತೆ ಒಪ್ಪವಾಗಿ ಮುಚ್ಚಿಡುತ್ತಿದ್ದರು. "ತಲೆ ಒಳಗಿಂದು ನಿಮ್ಗೆ, ಗಿರಾಕಿ ಬೈಗುಳ ನಂಗೆ" ಎಂದು ಸಾಹೇಬರು ಗೊಣಗಿದರೂ ಹಲಗೆಯ ಮೇಲೆ ಜಾಗ ಮಾಡಿಕೊಡುತ್ತಿದ್ದರು. ಹಾಸ್ಟೆಲಿನ ಲೈಬ್ರರಿಯ ಪುಸ್ತಕಗಳಲ್ಲಷ್ಟೇ ಮೀನು ನೋಡಿ ೧೯೫೮ರಲ್ಲಿ ಕೆಲಸಕ್ಕೆ ಸೇರಿದ ನನ್ನ ಕೈಗೆ ಅವರು ಮೊದಲ ದಿನವೇ ಜೀವಂತ ಮೀನು ಕೊಟ್ಟು, ಗಂಡು ಹೆಣ್ಣು ಗುರುತಿಸುವವರೆಗೆ ಮನೆಗೆ ಬಿಡಲಿಲ್ಲ. ಅದನ್ನೂ ಉಪಕಾರವೆಂದೇ ಎಣಿಸುತ್ತೇನೆ.

ಮರುವರ್ಷ ಮೇಲಿನವರ ಆದೇಶ ಬಂತು: ಈ ಮಳೆಗಾಲದಲ್ಲಿ ಮರಿ ಆಗದಿದ್ದರೆ ಚೇಳು ಮೀನಿನ ಕೆಲಸ ನಿಲ್ಲಿಸಿ ತೊಟ್ಟಿಗಳನ್ನು ಗೆಂಡೆಗೆ ಬಿಟ್ಟುಕೊಡಬೇಕು. ಎರಡು ಪ್ರಯತ್ನ ಕೆಟ್ಟವು. ಅಷ್ಟರಲ್ಲಿ ಶ್ರಾವಣ ಹಿಡಿಯಿತು. ಜನ ಮಾಂಸ ಬಿಟ್ಟರು, ಸಾಹೇಬರು ಅರ್ಧ ಬಾಗಿಲು ಹಾಕಿದರು, ತಲೆಗಳು ಬರುವುದು ನಿಂತಿತು. ಉಳಿದಿದ್ದ ಗ್ರಂಥಿಗಳನ್ನೆಲ್ಲ ಅರೆದು ಚಿಕ್ಕಬೈರಪ್ಪನವರು ಒಂದು ಸಂಜೆ ಹೆಣ್ಣುಗಳಿಗೆ ಚುಚ್ಚಿದರು. ಅವರು ನೋಡಿದ್ದು ಕಚೇರಿಯ ಕ್ಯಾಲೆಂಡರಿನ ತಾರೀಖನ್ನಷ್ಟೇ, ವಾರವನ್ನಲ್ಲ. ಅಂದು ಶುಕ್ರವಾರ.

ಬೆಳಿಗ್ಗೆ ಮೊಟ್ಟೆ ಪಕ್ವವಾಗಿತ್ತು. ಮೀನು ಕೊಯ್ಯುವ ಕೆಲಸ ನಮ್ಮ ಆಳು ಆಂಜಿನಪ್ಪನದು. ಅವನು ಕೈಕಟ್ಟಿ ನಿಂತ.

"ಇವತ್ತು ಶ್ರಾವಣ ಶನಿವಾರ ಸ್ವಾಮಿ. ಕತ್ತಿ ಮುಟ್ಟಾಕಿಲ್ಲ."

"ನೆನ್ನೆ ಚುಚ್ಚುವಾಗ ಯಾಕೋ ಹೇಳ್ಲಿಲ್ಲ?"

"ನಿಮ್ಮನೇಲೂ ಇದೇ ವ್ರತ ಅಲ್ವಾ? ನಿಮ್ಗೆ ಗೊತ್ತಿರ್ತದೆ ಅಂದ್ಕಂಡೆ."

ಮಾತು ನಿಜವಾಗಿತ್ತು. ಚಿಕ್ಕಬಾಣಾವರದ ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಶ್ರಾವಣದ ಶನಿವಾರ ರಕ್ತ ಮುಟ್ಟಿದವರಿಲ್ಲ. ಕಾಯುವಂತೆಯೂ ಇರಲಿಲ್ಲ, ಮೊಟ್ಟೆ ಮಧ್ಯಾಹ್ನಕ್ಕೆ ಕೆಡುತ್ತಿತ್ತು. ನಾನು ಕೊಯ್ಯುತ್ತೇನೆಂದೆ. ಇರುವ ಗಂಡು ಎರಡೇ, ನಿನ್ನ ಕಲಿಕೆಗಲ್ಲ ಎಂದು ಅವರೇ ಕತ್ತಿ ಹಿಡಿದರು. ಅವರೂ ಅದುವರೆಗೆ ತಲೆ ಬಿಚ್ಚಿದ್ದರೇ ಹೊರತು ಹೊಟ್ಟೆ ಕೊಯ್ದವರಲ್ಲ. ಮೊದಲನೆಯ ಮೀನಿನ ಪಿತ್ತಕೋಶ ಒಡೆದು ಎಲ್ಲ ಹಾಳಾಯಿತು. ಎರಡನೆಯದು ಕೊಯ್ಯುವ ಮೊದಲು ವಿಷದ ಮುಳ್ಳಿನಿಂದ ಅವರ ಹೆಬ್ಬೆರಳಿಗೆ ಚುಚ್ಚಿತು, ಕೈ ಊದಿತು.

"ಆಂಜನೇಯ ಬಿಟ್ಟಾನಾ ಸ್ವಾಮಿ?" ಎಂದ ಆಂಜಿನಪ್ಪ.

"ಆಂಜನೇಯ ಅಲ್ಲ ಕಣೋ, ಮೀನು. ಬೋಗುಣಿ ಹಿಡ್ಕೋ."

ಅವನು ಹಿಡಿದ. ಊದಿದ ಕೈಯಲ್ಲೇ ಎರಡನೆಯದನ್ನು ಕೊಯ್ದು, ಅರೆದು, ಕೋಳಿಗರಿಯಿಂದ ಮೊಟ್ಟೆಗೆ ಕಲಸಿದರು. ಮರುದಿನ ಮರಿಗಳು ಬಾಲ ಆಡಿಸುತ್ತಿದ್ದವು. ತೊಟ್ಟಿಗಳು ನಮ್ಮಲ್ಲೇ ಉಳಿದವು.

ತಾಯಿ ಮುನಿವೆಂಕಟಮ್ಮನವರು ಆ ಶ್ರಾವಣ ಮುಗಿಯುವವರೆಗೆ ಮಗನಿಗೆ ಜಗುಲಿಯಲ್ಲೇ ಊಟ ಬಡಿಸಿದರು. "ಮೀನ್‌ಗೆ ಮದ್ವೆ ಮಾಡ್ಸಾಕೆ ಶನಿವಾರನೇ ಬೇಕಿತ್ತೇನೋ?" ಎಂದು ಒಮ್ಮೆ ಕೇಳಿದರಂತೆ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಶ್ರಾವಣದ ಶುಕ್ರವಾರ ಯಾವ ಮೀನಿಗೂ ಸೂಜಿ ಚುಚ್ಚಿಲ್ಲ. ಹೊಸಬರು ಇದನ್ನು ಮೂಢನಂಬಿಕೆ ಎನ್ನುತ್ತಾರೆ. ಅದು ಆಂಜಿನಪ್ಪನ ಮೇಲಿನ ಮರ್ಯಾದೆ.

ಈಗ ನಿವೃತ್ತರಾಗಿರುವ ಚಿಕ್ಕಬೈರಪ್ಪನವರು ನೂರು ಕಾಲ ಬಾಳಲಿ. ಕೊರವ ಮೀನಿನ ಮರಿ ಮಾಡಿಸುವುದು ಬಾಕಿ ಇದೆ, ಅದಕ್ಕೂ ಬರಲಿ. ಸನ್ಮಾನದ ಮಾತುಗಳಲ್ಲಿ ಗಳಿಕೆಯನ್ನು ಎಲ್ಲರೂ ಹೇಳುತ್ತಾರೆ. ಆ ಬೆಳಿಗ್ಗೆ ಹೋದದ್ದು ಗಂಡು ಮೀನು ಎರಡು, ಶನಿವಾರ ಒಂದು.