ಬಜ್ಜಿ ತಿಂದು ಕಳೆದ ವರ್ಷ

ಅರವತ್ತರ ದಶಕದ ಆರಂಭದಲ್ಲಿ ನನಗೆ ಶಿಡ್ಲಘಟ್ಟದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಗಂಡನಿಗೆ ಗೌರಿಬಿದನೂರಿನಲ್ಲಿ ಗುಮಾಸ್ತಿಕೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಭಾನುವಾರ ಮಾತ್ರ ನಾವು ಗಂಡಹೆಂಡತಿ.

ನನ್ನ ಬಾಡಿಗೆ ಕೋಣೆ ರೇಷ್ಮೆ ನೂಲು ತೆಗೆಯುವ ಮನೆಯೊಂದರ ಹಿಂದಿತ್ತು. ದಿನವಿಡೀ ಗೂಡು ಬೇಯುವ ವಾಸನೆ. ಸ್ಕೂಲಿನಿಂದ ಬಂದು ಆ ವಾಸನೆಯಲ್ಲಿ ಇದ್ದಿಲ ಒಲೆ ಊದಿ, ಒಬ್ಬಳಿಗಾಗಿ ಅನ್ನಕ್ಕಿಡುವ ಚೈತನ್ಯ ಉಳಿದಿರುತ್ತಿರಲಿಲ್ಲ. ಹೆಂಗಸು ಒಬ್ಬಳೇ ಹೋಟೆಲಿಗೆ ಹೋಗಿ ಕೂರುವ ಕಾಲವೂ ಅಲ್ಲ. ಬೀದಿಯ ತಿರುವಿನಲ್ಲಿ ಒಬ್ಬ ಅಜ್ಜಿ ಬಜ್ಜಿ, ಬೋಂಡ ಕರಿಯುತ್ತಿದ್ದಳು. ಮೊದಲು ವಾರಕ್ಕೊಮ್ಮೆ ಎಲೆಯಲ್ಲಿ ಕಟ್ಟಿಸಿಕೊಂಡೆ, ಆಮೇಲೆ ದಿನವೂ. ಸಂಜೆ ಉಳಿದದ್ದು ಬೆಳಗಿನ ಕಾಫಿಗಾಗುತ್ತಿತ್ತು. ಬಿಸಿ ಬಜ್ಜಿ ಬಾಯಿಗಿಟ್ಟಾಗ ಒಂಟಿತನ ಮರೆಯುತ್ತಿತ್ತು. ಅರ್ಧ ಗಂಟೆ ಕಳೆದರೆ ಹೊಟ್ಟೆಯೂ ಭಾರ, ಮನಸ್ಸೂ ಭಾರ.

ದೀಪಾವಳಿಯ ಹೊತ್ತಿಗೆ ಹುಳಿತೇಗು, ಎದೆಯುರಿ ಶುರುವಾದವು. ಮುಖ ಊದಿತು, ರವಿಕೆಗಳು ಬಿಗಿಯಾದವು. ಸ್ಕೂಲಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಿದ್ದೆಯಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಸಣ್ಣದಕ್ಕೆಲ್ಲ ಸಿಡುಕು.

ಒಂದು ಭಾನುವಾರ ಗಂಡ ಬಂದವರು ತಾವೇ ಅನ್ನ, ಸಾರು ಮಾಡಿ ಬಡಿಸಿದರು. ನನಗೆ ಎರಡು ತುತ್ತೂ ಇಳಿಯಲಿಲ್ಲ.

"ಮುಖ ಯಾಕೆ ಹೀಗಾಗಿದೆ ಕಣೇ? ಸರಿಯಾಗಿ ಊಟ ಮಾಡ್ತಿಲ್ವಾ?"

"ನನ್ನ ಮುಖ ನೋಡೋಕೆ ನೀವು ಅಷ್ಟು ದೂರದಿಂದ ಬರೋದೇನೂ ಬೇಡ," ಎಂದು ತಟ್ಟೆ ತಳ್ಳಿದೆ. ಸಾರು ಅವರ ಅಂಗಿಯ ಮೇಲೆ ಚೆಲ್ಲಿತು. ಅವರು ಎದ್ದು ಅಂಗಿ ತೊಳೆದು, ಒದ್ದೆಯದನ್ನೇ ತೊಟ್ಟು ಬಸ್ಸಿಗೆ ಹೋದರು. ಮುಂದಿನ ಭಾನುವಾರ ಬರಲಿಲ್ಲ.

ಆ ವಾರ ಹೊಟ್ಟೆನೋವು ತಡೆಯಲಾರದೆ ಚಿಂತಾಮಣಿಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ.

"ಏನು ಊಟ ಮಾಡ್ತೀಯಮ್ಮ?"

"ಅನ್ನ, ಸಾರು, ಮುದ್ದೆ."

ಅವರು ಹೊಟ್ಟೆ ಒತ್ತಿ ನೋಡಿ, "ನನ್ಹತ್ರ ಸುಳ್ಳು ಹೇಳಿ ಏನು ಬಂತು?" ಎಂದರು. ಅಲ್ಲೇ ಅಳುತ್ತಾ ಎಲ್ಲವನ್ನೂ ಹೇಳಿದೆ. ಔಷಧಿ ಕೊಟ್ಟರು; ಕರಿದದ್ದು ಬಿಡದಿದ್ದರೆ ಔಷಧಿಯಿಂದ ಏನೂ ಆಗದು ಎಂದೂ ಹೇಳಿದರು.

ಆ ಸಂಜೆ ಬಜ್ಜಿ ಅಜ್ಜಿಯ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದೆ. ಅವಳೇ ಕರೆದಳು. ಡಾಕ್ಟರು ಹೇಳಿದ್ದನ್ನು ತಿಳಿಸಿದೆ.

"ಅಯ್ಯೋ ಟೀಚರಮ್ಮ, ದಿನಾ ಇದೇ ನಿನ್ನ ಊಟ ಅಂತ ನಂಗೇನು ಗೊತ್ತಮ್ಮ? ಮನೇಲಿ ನಾಲ್ಕು ಜನಕ್ಕೆ ಒಯ್ತಾಳೆ ಅಂದ್ಕೊಂಡಿದ್ದೆ. ಬಾ, ಕೂತ್ಕೋ."

ತನಗೆಂದು ತಂದಿದ್ದ ಮುದ್ದೆಯಲ್ಲಿ ಅರ್ಧ ಮುರಿದು, ಸೊಪ್ಪಿನ ಸಾರು ಹಾಕಿಕೊಟ್ಟಳು. ಅಂದು ನಾನು ತಿಂದೆ. ಮರುದಿನದಿಂದ ಒಲೆ ಹಚ್ಚಿದೆ. ಇಷ್ಟವಿದ್ದು ಹಚ್ಚಿದ್ದಲ್ಲ, ಹೆದರಿ ಹಚ್ಚಿದ್ದು. ಎಷ್ಟೋ ಸಂಜೆ ಕರಿದ ಎಣ್ಣೆಯ ವಾಸನೆಗೆ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ಕೆಲವು ಸಲ ಸೋತೆ ಕೂಡ. ಸಿಡುಕು ಹೋಗಲು ತಿಂಗಳುಗಳೇ ಬೇಕಾದವು. ಎದೆಯುರಿ ಪೂರ್ತಿ ಹೋಗಲೇ ಇಲ್ಲ.

ಒಲೆ ಹಚ್ಚಿದ ವಾರವೇ ಗಂಡನಿಗೆ ಕಾಗದ ಬರೆದೆ: "ತಪ್ಪು ನನ್ನದು, ಬನ್ನಿ." ಅವರು ಬಂದರು. ನಾನು ಮಾಡಿದ ತಿಳಿಸಾರು ಅನ್ನ ಇಬ್ಬರೂ ಉಂಡೆವು. ಆ ಮಧ್ಯಾಹ್ನವೆಲ್ಲ, ಬಸ್ಸಿನ ಹೊತ್ತಾಗುವವರೆಗೆ, ಇಬ್ಬರೂ ಮಲಗಿ ನಿದ್ದೆ ಮಾಡಿದೆವು.