ನೆಗೆಣ್ಣಿ ತಂದ ಹಾತಮೋಜೆ

ಮೈದುನನ ಮದುವೆಯಾಗಿ ನೆಗೆಣ್ಣಿ ಹಳಿಯಾಳದ ನಮ್ಮ ಮನೆಗೆ ಬಂದದ್ದು ಮಹಾಯುದ್ಧ ನಡೆದಿದ್ದ ಕಾಲದಲ್ಲಿ. ಬೆಳಗಾವಿಯ ಹುಡುಗಿ, ಶಾಲೆ ಕಲಿತವಳು. ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಉಣ್ಣೆಯ ಉಂಡೆಗಳೂ ಹೆಣೆಯುವ ಕಡ್ಡಿಗಳೂ ಇದ್ದವು. ನಾನು ಆ ಮನೆಯ ಹಿರಿಯ ಸೊಸೆ. ಅಡುಗೆ, ಕೊಟ್ಟಿಗೆ, ಅತ್ತೆಯ ಆರೈಕೆ ಎಲ್ಲ ಅಲ್ಲಿಯವರೆಗೆ ನನ್ನದೇ ಆಗಿತ್ತು.

ಚಳಿ ಬಿದ್ದರೆ ಅತ್ತೆಯ ಕೈ ಸೆಟೆದುಕೊಳ್ಳುತ್ತಿತ್ತು. ದಿನಾ ಮುಂಜಾನೆ ಎಣ್ಣೆ ಕಾಯಿಸಿ ತಿಕ್ಕುವವಳು ನಾನು. ಆದರೂ ಅವರು ಸುಮ್ಮನೆ ಕೂರುವವರಲ್ಲ, ಮೊರ ಹಿಡಿದು ಅಕ್ಕಿ ಹಸನು ಮಾಡಲೇಬೇಕು. ನೆಗೆಣ್ಣಿ ಇದನ್ನು ನೋಡಿದಳು. ಕೆಲವೇ ದಿನಗಳಲ್ಲಿ ಬೆರಳಿಲ್ಲದ ಕೈಗವಸಿನ ಜೋಡಿಯೊಂದನ್ನು ಹೆಣೆದು ಅತ್ತೆಯ ಉಡಿಯಲ್ಲಿಟ್ಟಳು. ಕುಂಕುಮದ ಬಣ್ಣ, ನಡುನಡುವೆ ಬಿಳಿಯ ಹೂ. ಅಂಗೈ ಬೆಚ್ಚಗೆ, ಬೆರಳು ಹೊರಗೆ. ಅಕ್ಕಿಯಲ್ಲಿನ ಕಲ್ಲು ಆರಿಸಲು ಅಡ್ಡಿಯಿಲ್ಲ.

“ನೋಡವಾ, ಹೆಂಗದಾವ!” ಎಂದು ಅತ್ತೆ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದರು. “ಕೈಗೆ ಜೀವ ಬಂದಂಗಾತು.”

“ಚಂದ ಅದಾವ್ರಿ ಅತ್ತಿ,” ಅಂದೆ. ನನ್ನ ಕೈಯಲ್ಲಿ ಎಣ್ಣೆಯ ಬಟ್ಟಲಿತ್ತು. ಆವತ್ತು ಅವರು ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ.

ಹಾಲು ತರುವವಳು ನೋಡಿದಳು. ಸಾಂಬ್ರಾಣಿ ಊರಿನಿಂದ ಬಂದ ಬೀಗರು ನೋಡಿದರು. ಪಕ್ಕದ ಮನೆಯ ಬೀಬಿ ಬೇಲಿಯಾಚೆಯಿಂದ ಬಂದು ಮುಟ್ಟಿ ನೋಡಿದಳು. ನೆಗೆಣ್ಣಿ ಅದನ್ನು ಹಾತಮೋಜೆ ಅನ್ನುತ್ತಿದ್ದಳು. ಹದಿನೈದು ದಿನದೊಳಗೆ ಓಣಿಯವರೆಲ್ಲ ಹಾಗೇ ಅನ್ನತೊಡಗಿದರು. ಬಂದು ಒಂದು ಚಳಿಗಾಲ ಮುಗಿಯುವ ಮೊದಲೇ ಅವಳ ಬಾಯಿಯ ಮಾತು ಓಣಿಯ ಮಾತಾಗಿತ್ತು. ನನ್ನ ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಗುತ್ತಿತ್ತು.

ಕಲಿಸು ಎಂದು ಅವಳನ್ನು ಕೇಳಬಹುದಿತ್ತು. ಕೇಳಲು ಮನಸ್ಸು ಒಪ್ಪಲಿಲ್ಲ. ಅವಳು ಕಟ್ಟೆಯ ಮೇಲೆ ಹೆಣೆಯುತ್ತ ಕೂತಾಗ ನಾನು ಎದುರಿಗೇ ಸೊಪ್ಪು ಸೋಸುತ್ತ ಕೂರುತ್ತಿದ್ದೆ. ಕಣ್ಣು ಮಾತ್ರ ಅವಳ ಬೆರಳುಗಳ ಮೇಲೆ. ಬಿದಿರಿನ ಸೀಳುಗಳನ್ನು ಕೆರೆದು ನುಣುಪು ಮಾಡಿ ಕಡ್ಡಿ ಮಾಡಿಕೊಂಡೆ. ಗಂಡನ ಹಳೆಯ ಮಫ್ಲರೊಂದು ಹಸಿರು, ಇನ್ನೊಂದು ಹಳದಿ. ಎರಡನ್ನೂ ಬಿಚ್ಚಿ ಉಂಡೆ ಸುತ್ತಿದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಯೇ ನನ್ನ ಶಾಲೆ.

ಒಂದೇ ಬಣ್ಣವಾದರೆ ಹೇಗೋ ಬರುತ್ತಿತ್ತು. ಎರಡನೆಯ ಬಣ್ಣ ಸೇರಿಸಿದ ಕೂಡಲೇ ಹೆಣಿಗೆ ನಿರಿಗೆಗಟ್ಟಿ ಚೀಲದಂತೆ ಮುದುಡುತ್ತಿತ್ತು, ಕೈ ಒಳಗೆ ಹೋಗುತ್ತಲೇ ಇರಲಿಲ್ಲ. ಬಿಚ್ಚಿದೆ, ಮತ್ತೆ ಹೆಣೆದೆ, ಅಳುವೂ ಬಂತು. ಒಂದು ದಿನ ಅತ್ತೆಯ ಹಾತಮೋಜೆ ಒಗೆಯಲು ನನ್ನ ಕೈಗೆ ಬಂತು. ಒಳಮೈ ತಿರುವಿ ನೋಡಿದರೆ, ಮುಂದೆ ಕಾಣದ ಬಣ್ಣದ ಎಳೆಗಳು ಹಿಂದೆ ಸಡಿಲವಾಗಿ ಮಲಗಿದ್ದವು. ನಾನು ಎಳೆದು ಬಿಗಿಯುತ್ತಿದ್ದೆ. ಅಷ್ಟೇ ತಪ್ಪಿದ್ದದ್ದು.

ಆಮೇಲೆ ಹೆಣಿಗೆ ನೆಟ್ಟಗಾಯಿತು. ಅವಳು ಹೆಬ್ಬೆರಳಿಗೆ ಬರೀ ಸೀಳು ಬಿಡುತ್ತಿದ್ದಳು. ನಾನು ಆ ಸೀಳಿನ ಸುತ್ತ ಕುಣಿಕೆ ಎತ್ತಿಕೊಂಡು ಗಿಡ್ಡ ತೋಳು ಹೆಣೆದೆ. ನನ್ನ ಗಂಡ ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿಗಳ ಮೇಲೆ ಗುರುತು ಹಾಕುವ ಕೆಲಸದಲ್ಲಿದ್ದರು. ಮುಂಜಾನೆಯ ಮಂಜಿನಲ್ಲಿ ಕಬ್ಬಿಣದ ಸುತ್ತಿಗೆ ಹಿಡಿಯುವ ಕೈ ಅವರದು.

ಅವರು ಊರಿಗೆ ಬಂದಾಗ, ಎಲ್ಲರೂ ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ, ನಾನು ಹೆಣೆದ ಜೋಡಿಯನ್ನು ಅವರ ಮುಂದೆ ಇಟ್ಟೆ. ಹಾಕಿಕೊಂಡು ಬೆರಳು ಆಡಿಸಿ ನೋಡಿದರು. ಮುಖ ಅರಳಿತು.

“ಸಣ್ಣಾಕಿ ಭಾರೀ ಹೆಣದಾಳ ಬಿಡು!”

ಅತ್ತೆಯೂ “ಹೌದ, ಆಕಿ ಕೈ ಭಾಳ ಚಲೋ,” ಎಂದು ಸೇರಿಸಿದರು.

ಬಾಗಿಲ ಮರೆಯಲ್ಲಿದ್ದ ನೆಗೆಣ್ಣಿ ಹೊರಗೆ ಬಂದಳು. “ನಾ ಅಲ್ರಿ ಅತ್ತಿ, ಅಕ್ಕಾರ ಹೆಣದಾರ. ಹೆಬ್ಬಟ್ಟು ನೋಡ್ರಿ, ನನಗ ಹಿಂಗ ಬರೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನನಗೂ ಹೇಳಿಕೊಡ್ರಿ ಅಕ್ಕಾ,” ಅಂದಳು.

ಅವಳು ಸುಮ್ಮನಿದ್ದು ಹೊಗಳಿಕೆ ನುಂಗಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿಗೊಂದು ಕಾರಣ ಸಿಗುತ್ತಿತ್ತು. ಒಳ್ಳೆಯತನದಲ್ಲೂ ಅವಳೇ ಮುಂದಾದಳಲ್ಲ ಎಂದು ಇನ್ನಷ್ಟು ಉರಿಯಿತು. ಹೇಳಿಕೊಟ್ಟೆ, ನಿಜ. ಅವಳು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಟ್ಟಳು.

ಎರಡು ವರ್ಷದ ಮೇಲೆ ಮೈದುನ ಮುಂಡಗೋಡದಲ್ಲಿ ಅಂಗಡಿ ಇಟ್ಟ, ಅವರಿಬ್ಬರೂ ಅಲ್ಲಿಗೆ ಹೋದರು. ಮನೆ ಮತ್ತೆ ನನ್ನದಾಯಿತು ಎಂದು ಹಗುರಾದೆ. ಅವಳಿಗೆ ದಿನ ತುಂಬುತ್ತ ಬಂದಾಗ ಬಾಣಂತನಕ್ಕೆಂದು ನಾನೇ ಹೋಗಬೇಕಾಯಿತು. ಅವಳ ಪಡಸಾಲೆಯಲ್ಲಿ ಪಾಳಾ ಎಂಬ ಊರಿನಿಂದ ಬಂದ ಹೆಂಗಸರು ಕಡ್ಡಿ ಹಿಡಿದು ಸಾಲಾಗಿ ಕೂತಿದ್ದರು. ಅವಳನ್ನು “ಅಕ್ಕಾರ” ಎಂದು ಕರೆಯುತ್ತಿದ್ದರು. ತೋಳಿರುವ ಹೆಬ್ಬೆರಳನ್ನು ಅವಳು ಅವರಿಗೆ ಹೇಳಿಕೊಡುತ್ತ, “ಇದು ನಮ್ಮ ದೊಡ್ಡಕ್ಕಾರ ಪದ್ಧತಿ, ನೋಡ್ರಿ, ಅವ್ರ ಬಂದಾರ,” ಅಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಖುಷಿಯಾಯಿತು. ಆದರೂ, ಅಷ್ಟೊಂದು ಜನ ಅವಳ ಮನೆಯಲ್ಲಿ ಕೂತಿದ್ದಾರಲ್ಲ ಎಂಬುದನ್ನೂ ನನ್ನ ಕಣ್ಣು ಲೆಕ್ಕಕ್ಕೆ ತೆಗೆದುಕೊಂಡಿತು.